ಬಂಗಾರವೋ ಭಂಗಾರವೋ

ಸೊಲ್ಲಾಪುರ ಸೀಮೆಯಲ್ಲಿ ಬಂಗಾರಕ್ಕೂ ಭಂಗಾರಕ್ಕೂ ಒಂದು ಉಸಿರಿನ ಅಂತರ. ಮೊದಲನೆಯದು ಕನ್ನಡದ ಚಿನ್ನ, ಎರಡನೆಯದು ಮರಾಠಿಯ ಗುಜರಿ. ಮಹಾಪ್ರಾಣದ ಗೊಡವೆಗೆ ಹೋಗದ ನಮ್ಮ ನಾಲಿಗೆಗೆ ಎರಡೂ ಒಂದೇ. ಕುಂಭಾರಿಯ ಓಣಿಯಲ್ಲಿ ‘ಭಂಗಾರ್, ಭಂಗಾರ್’ ಎಂದು ಕೂಗುತ್ತ ಸೈಕಲ್ ತಳ್ಳಿಕೊಂಡು ಬರುವವನನ್ನು ಕಂಡು ಕನ್ನಡದ ಮುದುಕಿ ‘ಬಂಗಾರದಾಂವ ಬಂದ ನೋಡ್ರಿ’ ಎಂದರೆ ಹೊರಗಿನವರಿಗೆ ನಗು ಬರಬಹುದು, ಓಣಿಯವರಿಗೆ ಬರುವುದಿಲ್ಲ.

ಹೋದ ಬೇಸಿಗೆಯಲ್ಲಿ ಈ ಕೂಗು ನನ್ನ ಪರಿಚಯದ ಒಂದು ಮನೆಯಲ್ಲಿ ಜಗಳ ಹಚ್ಚಿತು. ಮನೆಯ ಹಿಂಬದಿಯ ಗೋಡೆಗೆ ಒರಗಿ ಎಷ್ಟೋ ವರ್ಷದಿಂದ ನಿಂತಿದ್ದ ಅಜ್ಜನ ಸೈಕಲ್ ಜಗಳದ ಮೂಲ. ಮೊಮ್ಮಗನಿಗೆ ಅದು ಜಾಗ ತಿನ್ನುವ ಕಬ್ಬಿಣ. ಅವನಪ್ಪನಿಗೆ ಅದು ಅಪ್ಪನೇ. ‘ಓವರಾಯಿಲಿಂಗ್ ಮಾಡಿಸಿ ಓಡಸ್ತೀನಿ’ ಅಂತ ಅವರು. ‘ಆ ರೊಕ್ಕದಾಗ ಹೊಸಾದೇ ಬರ್ತದ’ ಅಂತ ಇವನು. ಸೈಕಲ್ಲಿನ ಹುಚ್ಚು ಇರುವವನೆಂಬ ಅಪಖ್ಯಾತಿ ನನಗಿರುವುದರಿಂದ ಪಂಚಾಯ್ತಿ ನನ್ನ ಕೊರಳಿಗೆ ಬಿತ್ತು. ಇಂಥ ಪಂಚಾಯ್ತಿ ಈಗ ಅನೇಕ ಮನೆಗಳಲ್ಲಿ ನಡೆಯುತ್ತಿದೆ. ಅಟ್ಟದ ಮೇಲೆ, ದನದ ಕೊಟ್ಟಿಗೆಯಲ್ಲಿ, ಮೆಟ್ಟಿಲ ಕೆಳಗೆ ಅಜ್ಜಂದಿರ ಸೈಕಲ್ಲುಗಳು ತೀರ್ಪಿಗೆ ಕಾಯುತ್ತಿವೆ. ಆದ್ದರಿಂದ ಕುಂಭಾರಿಯಲ್ಲಿ ನಾವು ಯಾವ ದಾರಿಯಲ್ಲಿ ಯೋಚಿಸಿದೆವು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಊರು. ಸೊಲ್ಲಾಪುರದಿಂದ ಅಕ್ಕಲಕೋಟದ ರಸ್ತೆ ಹಿಡಿದರೆ ಸುಮಾರು ಹತ್ತು ಕಿಲೋಮೀಟರಿಗೆ ಕುಂಭಾರಿ. ಹೆಸರೇ ಹೇಳುವಂತೆ ಕುಂಬಾರರ ನೆನಪಿನ ಹಳ್ಳಿ. ಇವತ್ತು ಮಹಾರಾಷ್ಟ್ರದಾಚೆಗೂ ಅದರ ಹೆಸರು ಕೇಳಿಬರುವುದು ದುಡಿಯುವವರ ವಸಾಹತುಗಳಿಂದ. ಬೀಡಿ ಕಟ್ಟುವ ಹೆಂಗಸರಿಗಾಗಿ ಕಟ್ಟಿದ ಹತ್ತು ಸಾವಿರ ಮನೆಗಳ ಗೋದೂತಾಯಿ ಪರುಳೇಕರ್ ವಸಾಹತು 2006ರಲ್ಲಿ ಉದ್ಘಾಟನೆಯಾಯಿತು. ವಾರ್ಲಿ ಆದಿವಾಸಿಗಳ ಹೋರಾಟ ಕಟ್ಟಿದ ಕಮ್ಯುನಿಸ್ಟ್ ನಾಯಕಿಯ ಹೆಸರು ಅದಕ್ಕೆ. ಅದರ ಬೆನ್ನಿಗೆ ಮೂವತ್ತು ಸಾವಿರ ಮನೆಗಳ ರೇ ನಗರ ಯೋಜನೆ ಬಂತು. ಮೊದಲ ಹದಿನೈದು ಸಾವಿರ ಮನೆಗಳ ಹಸ್ತಾಂತರ 2024ರ ಜನವರಿಯಲ್ಲಿ ಆಯಿತು. ಮಗ್ಗದವರು, ಬೀಡಿಯವರು, ಚಿಂದಿ ಆಯುವವರು, ಡ್ರೈವರುಗಳು ಇಲ್ಲಿನ ಒಕ್ಕಲು. ತೆಲುಗು, ಕನ್ನಡ, ಮರಾಠಿ, ಉರ್ದು ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುತ್ತವೆ.

ನಾನು ಹೇಳುತ್ತಿರುವ ಮನೆಯೂ ಬೀಡಿಯ ದುಡಿಮೆಯಿಂದಲೇ ಬಂದದ್ದು. ಅಜ್ಜ ಮಾತ್ರ ಅಕ್ಕಲಕೋಟ ತಾಲೂಕಿನ ಕನ್ನಡದ ಹಳ್ಳಿಯಿಂದ ಸೊಲ್ಲಾಪುರದ ಗಿರಣಿಗೆ ಬಂದವರು. ಮೂರು ಪಾಳಿಯ ಆ ಊರಿನಲ್ಲಿ ಗಿರಣಿಯ ಭೋಂಗಾ ಕೂಗುವ ಮೊದಲು ಗೇಟಿನೊಳಗೆ ಇರಬೇಕಿತ್ತು. ಅದಕ್ಕೆ ಸೈಕಲ್ ಬೇಕಿತ್ತು. 1870ರ ದಶಕದಲ್ಲಿ ‘ಜುನಿ ಗಿರಣಿ’ಯಿಂದ ಶುರುವಾದ ಗಿರಣಿಗಳ ಕಾಲ ಇಪ್ಪತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಮುಗಿಯಿತು. ಗಿರಣಿ ಹೋಯಿತು, ಭೋಂಗಾ ಹೋಯಿತು, ಸೈಕಲ್ ಮಾತ್ರ ಕುಂಭಾರಿಗೆ ಬಂತು. ಈಗ ಮೊಮ್ಮಗ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯುವ ಕಾರ್ಖಾನೆಗೆ ಹೋಗುತ್ತಾನೆ. ಅವನಿಗೂ ಸೈಕಲ್ ಬೇಕು. ಯಾವುದು ಎಂಬುದಷ್ಟೇ ತಕರಾರು.

ನಾನು ಮೊದಲು ಕೇಳಿದ್ದು, ‘ರಿಪೇರಿ ಅಂದರೆ ಏನು ಮಾಡಿಸಬೇಕು ಅಂತೀರಿ?’ ಅಪ್ಪ ಮಗ ಇಬ್ಬರೂ ಮುಖ ನೋಡಿದರು. ಗೊಂದಲವೆಲ್ಲ ಇಲ್ಲೇ ಹುಟ್ಟುವುದು. ಹಳೆಯ ಸೈಕಲ್ಲಿಗೆ ಮೂರು ಬೇರೆ ಬೇರೆ ಕೆಲಸ ಮಾಡಿಸಬಹುದು: ಓಡಿಸುವುದು, ಉಳಿಸುವುದು, ಮೆರೆಸುವುದು. ಮೂರಕ್ಕೂ ನಾವು ‘ರಿಪೇರಿ’ ಎಂಬ ಒಂದೇ ಮಾತು ಬಳಸಿ ಮೂರರ ಖರ್ಚನ್ನೂ ಒಟ್ಟಿಗೆ ಹೊತ್ತುಕೊಳ್ಳುತ್ತೇವೆ.

ಓಡಿಸುವುದೆಂದರೆ ಸವೆದ ಭಾಗ ಬದಲಿಸಿ, ಗ್ರೀಸು ತುಂಬಿ, ಸುರಕ್ಷಿತವಾಗಿ ತುಳಿಯುವಂತೆ ಮಾಡುವುದು. ಬಣ್ಣ ಹೋಗಿದ್ದರೆ ಹೋಗಲಿ. ಉಳಿಸುವುದೆಂದರೆ ಇದ್ದದ್ದು ಇನ್ನಷ್ಟು ಹಾಳಾಗದಂತೆ ತಡೆಯುವುದು. ಪುಣೆಯಲ್ಲಿ 2017ರಲ್ಲಿ ತೆರೆದ ವಿಕ್ರಮ್ ಪೆಂಡ್ಸೆ ಸೈಕಲ್ ವಸ್ತುಸಂಗ್ರಹಾಲಯದಂಥ ಜಾಗಕ್ಕೆ ಹೋದವರಿಗೆ ಇದು ಗೊತ್ತು. ಅಷ್ಟು ದೂರ ಬೇಡ, ಅಕ್ಕಲಕೋಟದ ಹೊಸ ಅರಮನೆಯ ಶಸ್ತ್ರಾಗಾರವನ್ನೇ ನೆನೆಯಿರಿ. ಅಲ್ಲಿನ ಕತ್ತಿಯನ್ನು ಯಾರೂ ಸಾಣೆಗೆ ಕೊಡುವುದಿಲ್ಲ, ಈರುಳ್ಳಿ ಹೆಚ್ಚುವುದಿಲ್ಲ. ಅದು ನೋಡುವ ವಸ್ತು. ಮೂರನೆಯದು ಮೆರೆಸುವುದು: ಬಣ್ಣ ಕೆತ್ತಿ, ಹೊಸ ಬಣ್ಣ ಹೊಡೆಸಿ, ಕ್ರೋಮ್ ಲೇಪ ಕೊಡಿಸಿ, ಅಂಗಡಿಯಿಂದ ಆಗಷ್ಟೇ ಇಳಿಸಿದಂತೆ ಮಾಡುವುದು. ಹಣ ತಿನ್ನುವುದು ಇದು. ಕಡಿಮೆ ಉಪಯೋಗದ್ದೂ ಇದೇ. ಆದರೂ ಜನ ಮೊದಲು ಕೈ ಹಾಕುವುದು ಇದಕ್ಕೇ.

ನಾನೂ ಹಾಗೇ ಕೈ ಹಾಕಿ ಕೆಟ್ಟವನು. ಬಹಳ ವರ್ಷದ ಹಿಂದೆ ನನ್ನ ತಂದೆಯ ಸೈಕಲ್ಲನ್ನು ‘ಹೊಸದರಂತೆ’ ಮಾಡಿಸುವ ಉಮೇದಿನಲ್ಲಿ ಒಂದು ಬಣ್ಣದ ಅಂಗಡಿಗೆ ಕೊಟ್ಟೆ. ಅವರು ಮರಳು ಸಿಡಿಸಿ ಹಳೆಯ ಬಣ್ಣ ಕಿತ್ತು, ಪುಡಿ ಬಣ್ಣವನ್ನು ಒಲೆಯಲ್ಲಿ ಬೇಯಿಸಿ ಕೊಟ್ಟರು. ಹೊಳೆಯಿತು. ಆದರೆ ಕೊಳವೆಗಳ ಉದ್ದಕ್ಕೂ ಕುಂಚದಿಂದ ಕೈಯಲ್ಲಿ ಎಳೆದಿದ್ದ ಬಂಗಾರದ ಗೆರೆ ಹೋಯಿತು. ಸೀಟಿನ ಕೆಳಗೆ ಒತ್ತಿದ್ದ ನಂಬರು ದಪ್ಪ ಬಣ್ಣದಡಿ ಮುಚ್ಚಿಹೋಯಿತು. ಮುಂದಿನ ಪಿತ್ತಾಳೆ ಲಾಂಛನ ಕೀಳುವಾಗ ಮುರಿಯಿತು. ನಗರಸಭೆಗೆ ಸೈಕಲ್ ತೆರಿಗೆ ಕಟ್ಟಿದ್ದಕ್ಕೆ ಕೊಟ್ಟಿದ್ದ ಬಿಲ್ಲೆಯೂ ಎಲ್ಲೋ ಬಿತ್ತು. ಅಂಗಡಿಯವರ ತಪ್ಪಲ್ಲ, ನಾನು ಹೇಳಿದ್ದನ್ನೇ ಅವರು ಮಾಡಿದ್ದರು. ತಂದೆ ಬಂದು ನೋಡಿ, ‘ಯಾರದಿದು?’ ಅಂದರು.

ಕುಂಭಾರಿಯ ಸೈಕಲ್ಲನ್ನು ಅಂಗಳಕ್ಕೆ ತಂದು ಹಸಿ ಬಟ್ಟೆಯಲ್ಲಿ ಒರೆಸಿದಾಗ ಪೆಡಲಿನ ದೊಡ್ಡ ಚಕ್ರದಲ್ಲಿ ಕೊಕ್ಕರೆಯ ತಲೆಗಳು ಕಾಣಿಸಿದವು. ಅದು ರ್‍ಯಾಲಿಯ ಗುರುತು. ಲಾಂಛನದ ಮೇಲೆ ಸೇನ್-ರ್‍ಯಾಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ರ್‍ಯಾಲಿ ಎಂಬ ಬೀದಿಯಲ್ಲಿ ಹುಟ್ಟಿ ಬೀದಿಯ ಹೆಸರನ್ನೇ ಹೊತ್ತ ಕಂಪನಿ, ಸ್ವಾತಂತ್ರ್ಯದ ನಂತರ ಬಂಗಾಳದ ಸೇನ್ ಮನೆತನದೊಂದಿಗೆ ಸೇರಿ ಅಸನ್ಸೋಲಿನಲ್ಲಿ ಕಾರ್ಖಾನೆ ಹಾಕಿತು. ಅದೇ ಹೊತ್ತಿಗೆ ಮದ್ರಾಸಿನ ಅಂಬತ್ತೂರಿನಲ್ಲಿ ಮುರುಗಪ್ಪ ಮನೆತನದ ಟಿ.ಐ. ಸೈಕಲ್ಸ್ ಹರ್ಕ್ಯುಲಿಸ್ ತಯಾರಿಸತೊಡಗಿತು. 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ ಬಂದವು. ಬಂದೂಕಿನ ಕಾರ್ಖಾನೆಯಿಂದ ಹುಟ್ಟಿದ ಬಿ.ಎಸ್.ಎ. ತನ್ನ ಮೂರು ಬಂದೂಕಿನ ಲಾಂಛನದೊಂದಿಗೆ ಮೊದಲು ಹಡಗಿನಲ್ಲಿ ಬಂತು, ಮುಂದೆ ಅಂಬತ್ತೂರಿನಲ್ಲೇ ತಯಾರಾಯಿತು.

ಹೆಸರು ತಿಳಿದರೆ ವಯಸ್ಸು ಅಂದಾಜಿಗೆ ಸಿಗುತ್ತದೆ. ಸೇನ್-ರ್‍ಯಾಲಿ ಸೊರಗಿ, ರಾಷ್ಟ್ರೀಕರಣಗೊಂಡು, 1980ರಲ್ಲಿ ಸೈಕಲ್ ಕಾರ್ಪೊರೇಷನ್ ಆಫ್ ಇಂಡಿಯಾ ಆಯಿತು. ಹಾಗಾಗಿ ಆ ಹಳೆಯ ಲಾಂಛನವಿದ್ದರೆ ಸೈಕಲ್ಲಿಗೆ ಹೆಚ್ಚುಕಡಿಮೆ ಐವತ್ತು ತುಂಬಿದೆ ಎನ್ನಬಹುದು. ಇಂಗ್ಲೆಂಡಿನಿಂದಲೇ ಬಂದ, ಹಿಂದಿನ ಗಾಲಿಯ ಹೊಟ್ಟೆಯಲ್ಲೇ ಮೂರು ಗೇರು ಅಡಗಿಸಿಕೊಂಡ ಸ್ಟರ್ಮಿ-ಆರ್ಚರ್ ಹಬ್ ನಿಮ್ಮ ಅದೃಷ್ಟಕ್ಕೆ ಸಿಕ್ಕರೆ ಕೆಲಸ ಇನ್ನೂ ಸುಲಭ. ಅದರ ಉಕ್ಕಿನ ಮೈಮೇಲೆ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳನ್ನು ಸಾಮಾನ್ಯವಾಗಿ ಒತ್ತಿರುತ್ತಾರೆ. ‘ಎ.ಡಬ್ಲ್ಯೂ.’ ಅಕ್ಷರಗಳ ಪಕ್ಕ 58 ಎಂದಿದ್ದರೆ 1958. ಗಾಲಿ ಆಮೇಲೆ ಬದಲಾಗಿರಬಹುದು, ಅಷ್ಟು ಅನುಮಾನ ಇಟ್ಟುಕೊಳ್ಳಬೇಕು.

ಇಲ್ಲಿ ಒಂದು ಕಹಿ ಮಾತು. ಹಳೆಯದೆಲ್ಲ ಅಪರೂಪದ್ದಲ್ಲ. ಕಪ್ಪು ಬಣ್ಣದ, ರಾಡ್ ಬ್ರೇಕಿನ, 28 ಇಂಚಿನ ಸೈಕಲ್ಲುಗಳನ್ನು ನಮ್ಮ ಕಾರ್ಖಾನೆಗಳು ಲಕ್ಷಗಟ್ಟಲೆ ತಯಾರಿಸಿವೆ. ‘ವಿಂಟೇಜ್’ ಎಂದು ಬೆಲೆ ಹೇಳುವವರು ಸಿಗುತ್ತಾರೆ, ಆ ಬೆಲೆಗೆ ಕೊಳ್ಳುವವರು ಸಿಗುವುದಿಲ್ಲ. ರಿಪೇರಿಗೆ ಹಾಕಿದ ಹಣ ಮಾರಿದರೆ ಹಿಂತಿರುಗುತ್ತದೆ ಎಂಬ ಲೆಕ್ಕವಿದ್ದರೆ ಈಗಲೇ ಅಳಿಸಿಬಿಡಿ. ತುಳಿಯುವುದಕ್ಕೋ ನೆನಪಿಗೋ ಮಾಡಿಸಬೇಕು.

ಇನ್ನು ಪರೀಕ್ಷೆ. ಹಳೆಯ ಸೈಕಲ್ಲಿನಲ್ಲಿ ಟಾಯರು, ಚೈನು, ಗಾಲಿ, ಸೀಟು ಎಲ್ಲವನ್ನೂ ಬದಲಿಸಬಹುದು. ಬದಲಿಸಲಾಗದ್ದು ಚೌಕಟ್ಟು ಒಂದೇ. ಉಳಿದದ್ದು ಕೌದಿಯ ಹಾಗೆ. ನಮ್ಮ ಕಡೆ ಕೌದಿಯ ಒಂದು ತುಂಡು ಹರಿದರೆ ಇನ್ನೊಂದು ಸೀರೆಯ ತುಂಡು ಹಚ್ಚಿ ಹೊಲಿಯುತ್ತಾರೆ. ಹತ್ತು ತುಂಡು ಬದಲಾದ ಮೇಲೂ ಅದು ಅಮ್ಮನ ಕೌದಿಯೇ. ಆದರೆ ದಾರ ಹಿಡಿಯಲು ಅಡಿಯ ಅರಿವೆಯಲ್ಲಿ ಜೀವ ಇರಬೇಕು. ಅದು ಪಿಸಿದಿದ್ದರೆ ಸೊಲ್ಲಾಪುರದಲ್ಲೇ ಇದ್ದೀರಿ, ಒಳ್ಳೆಯ ಚಾದರ ಕೊಂಡುಬನ್ನಿ.

ಚೌಕಟ್ಟಿನ ಜೀವ ಅಳೆಯಲು ಬೇಕಾದ ಉಪಕರಣ ನೇಕಾರರ ಮನೆಯಲ್ಲಿ ಯಾವಾಗಲೂ ಇರುತ್ತದೆ: ಒಂದು ಎಳೆ ಗಟ್ಟಿ ನೂಲು. ಹಿಂದಿನ ಗಾಲಿ ಬಿಚ್ಚಿ, ಅದರ ಅಚ್ಚು ಕೂರುವ ಎಡಗಡೆಯ ಕಚ್ಚಿಗೆ ನೂಲಿನ ತುದಿ ಕಟ್ಟಿ. ಅಲ್ಲಿಂದ ಎಳೆದು ಹ್ಯಾಂಡಲಿನ ಕೆಳಗಿನ ಕೊಳವೆಯನ್ನು ಸುತ್ತುಹಾಕಿ, ಬಲಗಡೆಯ ಕಚ್ಚಿಗೆ ತಂದು ಬಿಗಿಯಾಗಿ ಕಟ್ಟಿ. ಈಗ ಸೀಟಿನ ಕೊಳವೆಯ ಎರಡೂ ಬದಿಯಲ್ಲಿ ನೂಲು ಹಾದುಹೋಗುತ್ತದೆ. ಕೊಳವೆಗೂ ನೂಲಿಗೂ ಇರುವ ಸಂದನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಳೆಯಿರಿ. ಎರಡೂ ಸಮ ಇದ್ದರೆ ಚೌಕಟ್ಟು ನೆಟ್ಟಗಿದೆ. ಎರಡು ಮಿಲಿಮೀಟರ್ ಆಚೀಚೆ ಆದರೆ ಚಿಂತೆಯಿಲ್ಲ. ಬೆರಳಿನಗಲ ವ್ಯತ್ಯಾಸ ಬಂದರೆ ಆ ಸೈಕಲ್ ಎಂದೋ ಬಲವಾಗಿ ಬಿದ್ದಿದೆ, ಗಾಲಿಗಳು ಒಂದರ ಹಿಂದೆ ಒಂದು ಓಡುವುದಿಲ್ಲ.

ಆಮೇಲೆ ಕಣ್ಣು, ಬೆರಳು, ಕಿವಿ. ಹ್ಯಾಂಡಲಿನ ಕೆಳಗೆ, ಪೆಡಲಿನ ಕಡೆಗೆ ಇಳಿಯುವ ಕೊಳವೆಯ ಅಡಿಭಾಗವನ್ನು ಬೆರಳಿನಿಂದ ಸವರಿ. ಬಣ್ಣ ನೆರಿಗೆಗಟ್ಟಿದ್ದರೆ, ಕೊಳವೆ ಸಣ್ಣಗೆ ಉಬ್ಬಿದ್ದರೆ, ಅದು ಡಿಕ್ಕಿಯ ಗುರುತು. ಮುಂದಿನ ಕವಲು ಹಿಂದಕ್ಕೆ ಬಾಗಿದ್ದರೆ ಪೆಡಲ್ ತುಳಿಯುವಾಗ ಕಾಲ್ಬೆರಳು ಮಡ್‌ಗಾರ್ಡಿಗೆ ತಾಗುತ್ತದೆ. ಕೊಳವೆಗಳು ಕೂಡುವ ಕಡೆ ಸುತ್ತ ಒಂದು ಉಕ್ಕಿನ ಕಾಲರು ಇರುತ್ತದಲ್ಲ, ಅದನ್ನು ಮಿಸ್ತ್ರಿಗಳು ಲಗ್ ಎನ್ನುತ್ತಾರೆ. ಪಿತ್ತಾಳೆ ಕರಗಿಸಿ ಅದರೊಳಗೆ ಹರಿಸಿ ಬೆಸೆದದ್ದು. ಲಗ್ಗಿನ ಅಂಚಿನಲ್ಲಿ ಕೂದಲಿನಂಥ ಬಿರುಕು ಕಂಡರೆ ಮಾತು ಮುಗಿಯಿತು. ಊರ ವೆಲ್ಡಿಂಗ್ ಅಂಗಡಿ ಅದನ್ನು ಅಂಟಿಸಬಲ್ಲದು, ಆದರೆ ಅತಿ ಕಾವಿಗೆ ಪಕ್ಕದ ಕೊಳವೆ ಪೆಡಸಾಗಿ ಮುಂದೊಮ್ಮೆ ಅಲ್ಲೇ ಮುರಿಯಬಹುದು. ಕೊನೆಗೆ ಸೀಟಿನ ಕಂಬ ಕಿತ್ತು, ಚೌಕಟ್ಟನ್ನು ತಲೆಕೆಳಗು ಮಾಡಿ ಮರದ ತುಂಡಿನಿಂದ ತಟ್ಟಿ. ಒಂದು ಚಿಟಿಕೆ ಕೆಂಪು ಪುಡಿ ಸಹಜ. ಚಕ್ಕೆ ಚಕ್ಕೆಯಾಗಿ ತುಕ್ಕು ಸುರಿದರೆ ಒಳಗಿನಿಂದ ಗೆದ್ದಲು ಹಿಡಿದ ಬಾಗಿಲಿದ್ದಂತೆ.

ಈ ವಿಷಯದಲ್ಲಿ ನಮ್ಮ ಬಯಲುಸೀಮೆಯವರು ಪುಣ್ಯವಂತರು. ಮಂಗಳೂರು, ಕಾಸರಗೋಡಿನ ಮಳೆ ಮತ್ತು ಉಪ್ಪುಗಾಳಿ ಉಕ್ಕನ್ನು ಒಳಗಿಂದ ತಿನ್ನುತ್ತವೆ. ಸೊಲ್ಲಾಪುರದ ಒಣ ಬಿಸಿಲು ಟಾಯರನ್ನು ಸೀಳುತ್ತದೆ, ಸೀಟಿನ ಚರ್ಮವನ್ನು ಹಪ್ಪಳ ಮಾಡುತ್ತದೆ, ಚೌಕಟ್ಟಿನ ತಂಟೆಗೆ ಹೋಗುವುದು ಕಡಿಮೆ. ಕುಂಭಾರಿಯ ಸೈಕಲ್ಲಿನ ನೂಲು ಎರಡೂ ಬದಿಗೆ ಸಮ ಬಂತು. ಅಪ್ಪ ಮೀಸೆಯಡಿ ನಕ್ಕರು. ಮಗ ಇನ್ನೊಮ್ಮೆ ಅಳೆದ.

ಚೌಕಟ್ಟು ಪಾಸಾದ ಮೇಲೆ ಭಾಗಗಳ ಮಾತು. ಇಲ್ಲಿ ಭಾರತದವರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಇಂಗ್ಲೆಂಡಿನಲ್ಲಿ 28 ಇಂಚಿನ ಕಪ್ಪು ಸೈಕಲ್ ಕಾಲವಾಗಿ ದಶಕಗಳಾದವು. ನಮ್ಮಲ್ಲಿ ಹಾಲಿನವರು, ಗ್ಯಾಸ್ ಸಿಲಿಂಡರಿನವರು ಅದನ್ನು ಇನ್ನೂ ತುಳಿಯುತ್ತಿದ್ದಾರೆ. ಅದಕ್ಕೆ 28 × 1½ ಅಳತೆಯ ಟಾಯರು, ರಾಡ್ ಬ್ರೇಕಿನ ರಬ್ಬರ್ ಗುಟ್ಟಿ, ಕಡ್ಡಿ, ಚೈನು ತಾಲೂಕಿನ ಅಂಗಡಿಯಲ್ಲೂ ಸಿಗುತ್ತವೆ. ಆ ಅಳತೆಯ ಟಾಯರು ಬೇಕಾದ ಪರದೇಶದ ಹವ್ಯಾಸಿಗಳೂ ಭಾರತದ ಮಾಲಿಗೆ ಕೈ ಚಾಚುತ್ತಾರೆ.

ಒಂದು ಎಚ್ಚರಿಕೆ ರ್‍ಯಾಲಿ ಇರುವವರಿಗೆ. ಆ ಕಂಪನಿ ತನ್ನದೇ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಕೊರೆಯುತ್ತಿತ್ತು. ಉಳಿದ ಸೈಕಲ್ಲುಗಳ ಪೆಡಲ್ ಅಚ್ಚಿನ ಬಟ್ಟಲಿಗೆ ಒಂದು ಇಂಚಿನಲ್ಲಿ 24 ಮರೆ, ರ್‍ಯಾಲಿಗೆ 26. ಅಂಗಡಿಯ ಸಾಮಾನ್ಯ ಬಟ್ಟಲು ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಲ ಹಾಕಿ ತಿರುಗಿಸಿದರೆ ಚೌಕಟ್ಟಿನ ಮರೆಯೇ ಹಾಳು. ಅದಕ್ಕೆ ಹಳೆಯ ಬಟ್ಟಲನ್ನು ಎಸೆಯಬೇಡಿ, ಒಳಗಿನ ಉಕ್ಕಿನ ಗುಂಡುಗಳನ್ನು, ಅಂದರೆ ಛರ್ರೆಗಳನ್ನು, ಮಾತ್ರ ಬದಲಿಸಿ. ಸಾಮಾನ್ಯವಾಗಿ ಪೆಡಲ್ ಅಚ್ಚಿನಲ್ಲಿ ಒಂದೊಂದು ಬದಿಗೆ ಕಾಲಿಂಚಿನ 11 ಛರ್ರೆ, ಹಿಂದಿನ ಗಾಲಿಯಲ್ಲಿ ಒಂದೊಂದು ಬದಿಗೆ 9. ಎಣಿಸಿ ಹಾಕುವ ಮಿಸ್ತ್ರಿ ಸಿಕ್ಕರೆ ಅವನನ್ನು ಬಿಡಬೇಡಿ. ಪೆಡಲಿನ ತೋಳನ್ನು ಹಿಡಿದಿರುವ ಕಾಟರ್ ಪಿನ್ನನ್ನು ಹೊರತೆಗೆಯುವಾಗಲೂ ಹಾಗೆ. ಕೆಳಗೆ ಕಬ್ಬಿಣದ ಕೊಳವೆಯ ಆಸರೆ ಕೊಟ್ಟು ಹೊಡೆದರೆ ಪಿನ್ನು ಬರುತ್ತದೆ. ಆಸರೆಯಿಲ್ಲದೆ ಹೊಡೆದರೆ ಏಟು ಬೀಳುವುದು ಒಳಗಿನ ಛರ್ರೆಗಳ ಮೇಲೆ.

ಗಾಲಿಯ ಕಡ್ಡಿ ಎಣಿಸುವ ಆಟ ಚಿಕ್ಕವರಿದ್ದಾಗ ಆಡಿದ್ದೀರಾ? ಮುಂದೆ 32, ಹಿಂದೆ 40. ಭಾರ ಬೀಳುವುದು ಹಿಂದಿನ ಗಾಲಿಯ ಮೇಲೆ, ಅದಕ್ಕೆ ಎಂಟು ಹೆಚ್ಚು. ಡಬಲ್ ಸೀಟು, ಅದರ ಮೇಲೆ ಜೋಳದ ಚೀಲ ಹೇರಿದ ಕಾಲದ ಲೆಕ್ಕ ಅದು. ರಿಮ್ಮಿನಲ್ಲಿ ತುಕ್ಕು ಮೇಲ್ಮೈಯಲ್ಲಿದ್ದರೆ ಸೀಮೆಎಣ್ಣೆ, ಪಿತ್ತಾಳೆ ತಂತಿಯ ಬ್ರಷ್ಷು ಸಾಕು. ಕಡ್ಡಿಯ ತೂತಿನ ಸುತ್ತ ಲೋಹ ಎದ್ದಿದ್ದರೆ ರಿಮ್ ಬದಲಿಸಲೇಬೇಕು. ಚರ್ಮದ ಸೀಟಿದ್ದರೆ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕುವ ಉಪಚಾರ ಬೇಡ. ಚರ್ಮ ಮೆತ್ತಗಾಗಿ ಜೋಳಿಗೆಯಂತೆ ಜೋತುಬೀಳುತ್ತದೆ. ಚರ್ಮಕ್ಕೆ ಹಚ್ಚುವ ಮೇಣವನ್ನು ತೆಳ್ಳಗೆ ಸವರಿದರೆ ಸಾಕು.

ಈಗ ರೊಕ್ಕ. ಅಂಗಳದಲ್ಲೇ ಕುಳಿತು ಪಟ್ಟಿ ಮಾಡಿದೆವು. ಎರಡು ಟಾಯರು, ಎರಡು ಟ್ಯೂಬಿಗೆ ಸಾವಿರದ ಹತ್ತಿರ. ಚೈನು, ಫ್ರೀವೀಲಿಗೆ ನಾಲ್ಕುನೂರು. ಬ್ರೇಕಿನ ಗುಟ್ಟಿ, ಪಿನ್ನು, ಛರ್ರೆ, ಗ್ರೀಸಿಗೆ ಮುನ್ನೂರು. ಮಿಸ್ತ್ರಿಯ ಕೂಲಿ ಐದುನೂರು. ಒಟ್ಟು ಎರಡು ಸಾವಿರದ ಮೇಲೆ ಸ್ವಲ್ಪ. ಇದು ಓಡಿಸುವ ಖರ್ಚು. ರಿಮ್ಮು, ಕಡ್ಡಿ ಹೊಸದಾದರೆ ಇನ್ನೊಂದು ಸಾವಿರ ಚಿಲ್ಲರೆ. ಬಣ್ಣ, ಕ್ರೋಮ್, ಗೆರೆ, ಹೊಸ ಸೀಟು ಎಂದು ಮೆರೆಸಲು ಹೊರಟರೆ ಅದೊಂದೇ ನಾಲ್ಕೈದು ಸಾವಿರ ನುಂಗುತ್ತದೆ. ಸಾದಾ ಹೊಸ ಸೈಕಲ್ ಐದರಿಂದ ಏಳು ಸಾವಿರಕ್ಕೆ ಬರುತ್ತದೆ. 2025ರ ಸೆಪ್ಟೆಂಬರಿನಿಂದ ಸೈಕಲ್ಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಭಂಗಾರಿನವನು ಏನು ಕೊಡುತ್ತಾನೆ? ಹದಿನೆಂಟು ಇಪ್ಪತ್ತು ಕಿಲೋ ಕಬ್ಬಿಣ, ಕಿಲೋಗೆ ಇಪ್ಪತ್ತೈದರಂತೆ ಐದುನೂರು ರೂಪಾಯಿ.

ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಅಪ್ಪ ಮಗ ಇಬ್ಬರ ವಾದವೂ ಅರ್ಧರ್ಧ ನಿಜವಾಯಿತು. ಓಡಿಸುವ ಮಟ್ಟಿಗೆ ಹಳೆಯದು ಅಗ್ಗ. ಮೆರೆಸುವ ಮಟ್ಟಿಗೆ ಹೊಸದು ಅಗ್ಗ. ‘ಆ ರೊಕ್ಕದಾಗ ಹೊಸಾದೇ ಬರ್ತದ’ ಎಂದ ಮಗನ ಮನಸ್ಸಿನಲ್ಲಿದ್ದದ್ದು ಬಣ್ಣ, ಕ್ರೋಮಿನ ರಿಪೇರಿ. ಅಪ್ಪನ ಮನಸ್ಸಿನಲ್ಲಿದ್ದದ್ದು ಗಾಲಿ ತಿರುಗುವ ರಿಪೇರಿ. ಒಂದೇ ಮಾತನ್ನಾಡುತ್ತ ಇಬ್ಬರೂ ಎರಡು ಸೈಕಲ್ಲಿನ ಬಗ್ಗೆ ಜಗಳಾಡುತ್ತಿದ್ದರು.

ಆದರೆ ರೊಕ್ಕವೇ ಕೊನೆಯ ಮಾತಲ್ಲ. ರಸ್ತೆಯನ್ನೂ ಕೇಳಬೇಕು. ಅಜ್ಜ ತುಳಿದ ದಾರಿಯಲ್ಲಿ ಎತ್ತಿನ ಗಾಡಿ, ಟಾಂಗಾ, ಅಪರೂಪಕ್ಕೊಂದು ಬಸ್ಸು. ಈಗ ಅದೇ ಅಕ್ಕಲಕೋಟದ ರಸ್ತೆ ಅಗಲವಾದ ಹೆದ್ದಾರಿ. ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗುವ ಕಾರುಗಳು ಗಾಳಿಯಂತೆ ಸಾಗುತ್ತವೆ. ರಾಡ್ ಬ್ರೇಕು ರಿಮ್ಮಿನ ಒಳಮೈಗೆ ಗುಟ್ಟಿಯನ್ನು ಮೇಲಕ್ಕೆಳೆದು ಒತ್ತುವ ಹಂಚಿಕೆ, ಒಣಗಿದ್ದಾಗ ಸಾಲುತ್ತದೆ. ಕ್ರೋಮ್ ಬಳಿದ ಉಕ್ಕಿನ ರಿಮ್ ನೆನೆದರೆ ಗುಟ್ಟಿ ಜಾರುತ್ತದೆ, ಸೈಕಲ್ ನಿಲ್ಲಲು ಹಲವು ಪಟ್ಟು ದೂರ ಬೇಕಾಗುತ್ತದೆ. ಅಲ್ಯುಮಿನಿಯಂ ರಿಮ್ ನೆನೆದರೂ ಅಷ್ಟು ಮೋಸ ಮಾಡುವುದಿಲ್ಲ. ದಿನಾ ಹೆದ್ದಾರಿಯಲ್ಲಿ, ಮಳೆಗಾಲದಲ್ಲೂ, ರಾತ್ರಿ ಪಾಳಿ ಮುಗಿಸಿ ಬರುವ ಹುಡುಗನನ್ನು ಅಜ್ಜನ ಬ್ರೇಕಿನ ಮೇಲೆ ಕಳಿಸುವುದು ಪ್ರೀತಿಯಲ್ಲ. ಇಪ್ಪತ್ತು ಕಿಲೋದ ಭಾರವನ್ನು ಎದುರುಗಾಳಿಯಲ್ಲಿ ತಳ್ಳಿ ಬಂದು ಎಂಟು ಗಂಟೆ ಮಗ್ಗದ ಮುಂದೆ ನಿಲ್ಲುವ ಕಾಲುಗಳ ಮಾತನ್ನೂ ಕೇಳಬೇಕು.

ಹೊಸದು ಕೊಳ್ಳುವುದೇ ಸರಿ ಎಂದಾದರೂ ಕಣ್ಣು ತೆರೆದು ಕೊಳ್ಳಬೇಕು. ಅಂಗಡಿಯಲ್ಲಿ ಹುಡುಗರ ಕಣ್ಣು ಮೊದಲು ಹೋಗುವುದು ದಪ್ಪ ಟಾಯರಿನ, ಮುಂದೆ ಹಿಂದೆ ಸ್ಪ್ರಿಂಗ್ ಇರುವ, ಬೈಕಿನಂತೆ ಕಾಣುವ ಸೈಕಲ್ಲಿಗೆ. ಅಗ್ಗದ ಬೆಲೆಯಲ್ಲಿ ಸಿಗುವ ಸ್ಪ್ರಿಂಗು ತೂಕ ಹೆಚ್ಚಿಸುತ್ತದೆ, ತುಳಿದ ಬಲದಲ್ಲಿ ಪಾಲು ಕೇಳುತ್ತದೆ, ಎರಡು ವರ್ಷಕ್ಕೆ ಕಿರುಗುಟ್ಟುತ್ತದೆ. ಡಾಂಬರು ರಸ್ತೆಗೆ ಅದರ ಅಗತ್ಯವೇ ಇಲ್ಲ. ಸ್ಪ್ರಿಂಗಿಲ್ಲದ ಕವಲು, ಅಲ್ಯುಮಿನಿಯಂ ರಿಮ್ಮು, ಕಾಲಿನ ಅಳತೆಗೆ ಸರಿಯಾದ ಚೌಕಟ್ಟು, ಹಿಂದೆ ಡಬ್ಬಿ ಕಟ್ಟಲು ಕ್ಯಾರಿಯರು ನೋಡಿಕೊಂಡರೆ ಸಾಕು. ಎರಡೂ ಕಡೆ ದೀಪ ಇರಲಿ. ಮೊದಲೆಲ್ಲ ದೀಪವಿಲ್ಲದ ಸೈಕಲ್ಲಿನ ಗಾಳಿಯನ್ನು ಪೊಲೀಸರು ಬಿಟ್ಟುಬಿಡುತ್ತಿದ್ದರು. ಈಗ ಆ ಕಾಟವಿಲ್ಲ, ಆದರೆ ದೀಪವಿಲ್ಲದ್ದನ್ನು ಲಾರಿಯವನು ಕಾಣುವುದೂ ಇಲ್ಲ. ಇನ್ನೊಂದು: ಹೊಸದಕ್ಕೂ ಆಯಸ್ಸಿನ ಖಾತ್ರಿ ಇರುವುದಿಲ್ಲ. ಬಿಡಿಭಾಗ ಕಂಪನಿಯದೇ ಬೇಕು ಎನ್ನುವ ಮಾದರಿ ಕೊಂಡರೆ ಕಂಪನಿ ಕಣ್ಣು ಮುಚ್ಚಿದ ದಿನ ನೀವೂ ಮುಚ್ಚಬೇಕು. ಅಟ್ಲಾಸಿನಂಥ ಅಟ್ಲಾಸ್ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ. ಅಟ್ಲಾಸ್ ಇದ್ದವರಿಗೆ ಏನೂ ಆಗಲಿಲ್ಲ, ಏಕೆಂದರೆ ಅದರ ಸಾದಾ ಸೈಕಲ್ಲಿಗೆ ಹೊಂದುವ ಟಾಯರು, ಚೈನು ಎಲ್ಲ ಅಂಗಡಿಯಲ್ಲೂ ಇದ್ದವು. ಹಳೆಯದಿರಲಿ ಹೊಸದಿರಲಿ, ಕುಂಭಾರಿಯ ಮಿಸ್ತ್ರಿ ಬಿಚ್ಚಿ ಜೋಡಿಸಬಲ್ಲ ಸೈಕಲ್ಲೇ ಕುಂಭಾರಿಗೆ ಒಳ್ಳೆಯದು.

ನಾನು ಕೊಟ್ಟ ತೀರ್ಪು ಅಪ್ಪ ಮಗ ಇಬ್ಬರನ್ನೂ ಪೂರ್ತಿ ಒಪ್ಪಿಸಲಿಲ್ಲ. ಮಗನಿಗೆ ಕಾರ್ಖಾನೆಗೆ ಹೋಗಲು ಹೊಸ ಸೈಕಲ್, ಅವನ ಪಗಾರದಲ್ಲೇ. ಹಳೆಯದಕ್ಕೆ ಎರಡು ಸಾವಿರದ ಓವರಾಯಿಲಿಂಗ್, ಒಂದು ಹನಿ ಬಣ್ಣವೂ ಇಲ್ಲ. ಅದು ವಸಾಹತಿನೊಳಗೆ ಹಿಟ್ಟಿನ ಗಿರಣಿಗೆ, ರೇಷನ್ ಅಂಗಡಿಗೆ, ದವಾಖಾನೆಗೆ. ಓವರಾಯಿಲಿಂಗ್ ಎಂಬ ಮಾತೇ ಚೆಂದ. ಇಂಗ್ಲಿಷಿನ ಓವರ್‌ಹಾಲ್ ನಮ್ಮ ಮಿಸ್ತ್ರಿಗಳ ಬಾಯಲ್ಲಿ ಎಣ್ಣೆ ಕುಡಿದು ಹಾಗಾಯಿತು. ಅರ್ಥವೇನೂ ಕೆಡಲಿಲ್ಲ, ಅರ್ಧ ಕೆಲಸ ಎಣ್ಣೆಯದೇ.

ಅಪ್ಪನಿಗೆ ಬಣ್ಣದ ಆಸೆ ಒಂದಿಷ್ಟು ಉಳಿದಿತ್ತು. ಚೌಕಟ್ಟಿನ ಅಡ್ಡ ಕೊಳವೆಯ ನಡುವೆ ಒಂದು ಅಂಗೈಯಗಲ ಬಣ್ಣ ಪೂರ್ತಿ ಸವೆದು ಉಕ್ಕು ಕಾಣುತ್ತಿತ್ತು. ‘ಇಲ್ಲಾದರೂ ಹಚ್ಚಸೂಣು’ ಎಂದರು. ಅಲ್ಲಿ ಏಕೆ ಸವೆಯಿತು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ಚಿಕ್ಕಂದಿನಲ್ಲಿ ಅಪ್ಪ ಅವರನ್ನು ಆ ಕೊಳವೆಯ ಮೇಲೆ ಟವೆಲ್ ಸುತ್ತಿ ಕೂರಿಸಿಕೊಂಡು ಸಿದ್ಧೇಶ್ವರನ ಜಾತ್ರೆಗೆ ಕರೆದೊಯ್ಯುತ್ತಿದ್ದರಂತೆ. ಬಣ್ಣದ ಮಾತು ಮತ್ತೆ ಬರಲಿಲ್ಲ. ಅಲ್ಲಿ ತುಕ್ಕು ಹಿಡಿಯದಂತೆ ತೆಳ್ಳಗೆ ಎಣ್ಣೆ ಒರೆಸಿದೆವು.

ಮುಂದಿನ ಭಾನುವಾರ ಭಂಗಾರಿನವನು ಬಂದ. ಬಿಚ್ಚಿ ಹಾಕಿದ್ದ ಸೀಳು ಟಾಯರು, ತುಕ್ಕಿನ ಚೈನು, ಮುರಿದ ಸ್ಟ್ಯಾಂಡನ್ನು ಅವನ ಮುಂದೆ ಇಟ್ಟೆವು. ತಕ್ಕಡಿಗೆ ಹಾಕಿ ಎಪ್ಪತ್ತು ರೂಪಾಯಿ ಎಣಿಸಿದ. ಅಷ್ಟರಲ್ಲಿ ಮೊಮ್ಮಗ ಅವನ ಸೈಕಲ್ಲನ್ನು ನೋಡುತ್ತಿದ್ದ. ಮುಂದೆ ಎರಡು ಜೋಡಿ ಕವಲು ಹಾಕಿಸಿ, ಹಿಂದೆ ಕಬ್ಬಿಣದ ಪಟ್ಟಿ ಬೆಸೆಸಿ, ಎರಡೂ ಬದಿಗೆ ಚೀಲ ತೂಗುಹಾಕಿದ್ದ 28 ಇಂಚಿನ ಕಪ್ಪು ಸೈಕಲ್. ಲಾಂಛನ ಎಂದೋ ಉದುರಿತ್ತು, ಚೈನು ಮಾತ್ರ ಎಣ್ಣೆಯಲ್ಲಿ ಮಿಂಚುತ್ತಿತ್ತು.

‘ಇದಕ್ಕೆ ಏನ್ ಕೊಡ್ತಿ?’ ಎಂದು ಹುಡುಗ ತಮಾಷೆಗೆ ಕೇಳಿದ.

‘ಇದು ಮಾರೂದಲ್ಲರಿ, ದುಡೀಲತದ’ ಎಂದು ಆತ ಪೆಡಲಿನ ಮೇಲೆ ಕಾಲಿಟ್ಟು, ಮುಂದಿನ ಓಣಿಯಲ್ಲಿ ಮತ್ತೆ ಕೂಗತೊಡಗಿದ. ಕಟ್ಟೆಯ ಮೇಲಿದ್ದ ಮುದುಕಿಗೆ ಕೇಳಿಸಿದ್ದು, ಎಂದಿನಂತೆ, ಬಂಗಾರ.